ಮೂರು ಮಕ್ಕಳಿಗೊಬ್ಬ ಫಿಸಿಕ್ಸ್ ಮೇಷ್ಟ್ರು

ಹೈಸ್ಕೂಲಿನಲ್ಲಿ ಎಲ್ಲ ಸೇರಿ ನಲವತ್ತೇ ಮಕ್ಕಳಿರುವ ಒಂದು ಊರು. ಕೊನೆಯ ವರ್ಷದಲ್ಲಿ ಒಂಬತ್ತು ಮಂದಿ. ಅವರಲ್ಲಿ ಮೂವರಿಗೆ ಎಂಜಿನಿಯರಿಂಗ್ ಓದುವ ಆಸೆ. ಅದಕ್ಕೆ ಮೇಲ್ಮಟ್ಟದ ಗಣಿತ ಬೇಕು, ಫಿಸಿಕ್ಸ್ ಬೇಕು. ಮೂವರಿಗೋಸ್ಕರ ಒಬ್ಬ ಫಿಸಿಕ್ಸ್ ಮೇಷ್ಟ್ರನ್ನು ಕೊಡಲು ಯಾವ ಸರ್ಕಾರದ ಲೆಕ್ಕಪತ್ರವೂ ಒಪ್ಪುವುದಿಲ್ಲ. ಕೊಟ್ಟರೂ ಆತ ಉಳಿದ ಪೀರಿಯಡ್‌ಗಳಲ್ಲಿ ಭೂಗೋಳವನ್ನೂ ಆಟೋಟವನ್ನೂ ನೋಡಿಕೊಳ್ಳಬೇಕು, ಒಂದೆರಡು ವರ್ಷ ತಳ್ಳಿ ವರ್ಗ ಮಾಡಿಸಿಕೊಂಡು ಪಟ್ಟಣ ಸೇರುತ್ತಾನೆ. ನಮ್ಮ ಏಕೋಪಾಧ್ಯಾಯ ಶಾಲೆಗಳ ಪಾಡು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಇರುವ ದಾರಿಗಳು ಬೆರಳೆಣಿಕೆಯವು. ಮಗುವನ್ನು ಊರು ಬಿಡಿಸಿ ಹಾಸ್ಟೆಲಿಗೆ ಹಾಕಬಹುದು. ಶಾಲೆಯನ್ನೇ ಮುಚ್ಚಿ ದೂರದ ದೊಡ್ಡ ಶಾಲೆಗೆ ಬಸ್ಸು ಬಿಡಬಹುದು. ‘ಇಲ್ಲಿ ಅದೆಲ್ಲ ಸಿಗಲ್ಲಪ್ಪ’ ಎಂದು ಕೈಚೆಲ್ಲಬಹುದು. ಇಲ್ಲವೇ ಮಗುವನ್ನೂ ಮೇಷ್ಟ್ರನ್ನೂ ಅವರವರಿದ್ದಲ್ಲೇ ಬಿಟ್ಟು ಪಾಠವನ್ನು ಮಾತ್ರ ಕಳಿಸಬಹುದು. ಈ ಕೊನೆಯ ದಾರಿಗೆ ನೂರು ವರ್ಷದ ಚರಿತ್ರೆಯಿದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ದೂರದೂರದ ಹಳ್ಳಿಗಳಲ್ಲಿ ಅದನ್ನು ಮತ್ತೆ ಮತ್ತೆ ಪ್ರಯೋಗಿಸಿ ನೋಡಿದ್ದಾರೆ. ಅದರ ಸುತ್ತಲ ಜಗಳ ಇನ್ನೂ ತೀರಿಲ್ಲ. ಮುಖ್ಯವಾದ ಪ್ರಶ್ನೆಯೊಂದನ್ನು ಬಹುಪಾಲು ಸಂಶೋಧಕರು ಕೇಳಿಯೇ ಇಲ್ಲ ಎಂಬುದು ನನ್ನ ಅನಿಸಿಕೆ.

ಅಂಚೆ, ರೇಡಿಯೋ, ವಿಮಾನ

ನ್ಯೂಜಿಲೆಂಡಿನ ಸರ್ಕಾರಿ ಅಂಚೆ ಶಾಲೆ ಶುರುವಾದದ್ದು 1922ರಲ್ಲಿ, ಶಾಲೆಯ ದಾರಿಯೇ ಇಲ್ಲದ ಮೂಲೆಗಳ ಮಕ್ಕಳಿಗಾಗಿ. ಮರುವರ್ಷ ಅಮೆರಿಕದ ಮಿಷಿಗನ್ ರಾಜ್ಯದ ಬೆಂಟನ್ ಹಾರ್ಬರ್ ಎಂಬ ಊರಿನ ಹೈಸ್ಕೂಲು ಇನ್ನೊಂದು ಬಗೆಯ ಏರ್ಪಾಡು ಮಾಡಿತು. ತನ್ನಲ್ಲಿ ಕಲಿಸುವವರಿಲ್ಲದ ಕಸುಬಿನ ವಿಷಯಗಳ ಪಾಠಗಳನ್ನು ಹೊರಗಿನಿಂದ ಅಂಚೆಯಲ್ಲಿ ತರಿಸಿತು. ಅವನ್ನು ಓದಲು ವೇಳಾಪಟ್ಟಿಯಲ್ಲೇ ಹೊತ್ತು ಗೊತ್ತುಮಾಡಿ, ಮೇಲ್ವಿಚಾರಣೆಗೆ ಒಬ್ಬ ಶಿಕ್ಷಕರನ್ನು ಕೂರಿಸಿತು. 1929ರಿಂದ ನೆಬ್ರಾಸ್ಕ ವಿಶ್ವವಿದ್ಯಾಲಯ ಇದೇ ಜಾಡಿನಲ್ಲಿ ಸಣ್ಣ ಹಳ್ಳಿ ಹೈಸ್ಕೂಲುಗಳಿಗೆ ಕೋರ್ಸು ಒದಗಿಸತೊಡಗಿತು. ಮೇಲ್ವಿಚಾರಣೆಗೆ ಕೂತ ಆ ಶಿಕ್ಷಕರನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಬಂದ ಯಂತ್ರಗಳ ಸಡಗರದಲ್ಲಿ ಎಲ್ಲರೂ ಮರೆತದ್ದು ಅವರನ್ನೇ.

ರೇಡಿಯೋ ಯುಗದ ಹೆಸರಾಂತ ಉದಾಹರಣೆ ಆಸ್ಟ್ರೇಲಿಯಾದ್ದು. ಮರುಭೂಮಿಯ ನಡುವಿನ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1951ರಲ್ಲಿ ‘ಸ್ಕೂಲ್ ಆಫ್ ದಿ ಏರ್’ ಆರಂಭವಾಯಿತು. ಹಾರುವ ವೈದ್ಯರ ಸೇವೆಗೆಂದು ಇಟ್ಟುಕೊಂಡಿದ್ದ ರೇಡಿಯೋ ಜಾಲದ ಮೇಲೆಯೇ ಪಾಠವೂ ಹರಿಯಿತು. ಆದರೆ ಅದು ಮುಖ್ಯವಾಗಿ ಎಳೆಯ ಮಕ್ಕಳಿಗೆ. ಮೇಲ್ಮಟ್ಟದ ವಿಷಯಗಳ ಪ್ರಶ್ನೆ ಅಲ್ಲಿ ಏಳಲಿಲ್ಲ.

ಆ ಪ್ರಶ್ನೆ ಮೊನಚಾದದ್ದು ಅಮೆರಿಕದಲ್ಲಿ. 1955ರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ‘ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್’ ಯೋಜನೆಯನ್ನು ಕೈಗೆತ್ತಿಕೊಂಡಿತು. ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಮಟ್ಟದ ಕ್ಯಾಲ್ಕುಲಸ್, ಫಿಸಿಕ್ಸ್ ಓದಿ ಪರೀಕ್ಷೆ ಬರೆಯುವುದು, ಒಳ್ಳೆಯ ಅಂಕ ಬಂದರೆ ಕಾಲೇಜಿನಲ್ಲಿ ಅಷ್ಟು ಪಾಠದ ವಿನಾಯಿತಿ ಪಡೆಯುವುದು, ಇದು ಅದರ ಕ್ರಮ. ಬರಬರುತ್ತಾ ಒಳ್ಳೆಯ ಕಾಲೇಜಿಗೆ ಅರ್ಜಿ ಹಾಕುವವರ ಕೈಯಲ್ಲಿ ಇಂಥ ಕೋರ್ಸುಗಳ ಪಟ್ಟಿ ಇರಲೇಬೇಕು ಎಂಬಂತಾಯಿತು. ಸಣ್ಣ ಶಾಲೆಯ ಮಗುವಿಗೆ ಆ ಪಟ್ಟಿ ಎಲ್ಲಿಂದ ಬರಬೇಕು?

1961ರಲ್ಲಿ ಇದಕ್ಕೊಂದು ವಿಚಿತ್ರ ಉತ್ತರ ಬಂತು. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದ ಆಶ್ರಯದಲ್ಲಿ, ಫೋರ್ಡ್ ಪ್ರತಿಷ್ಠಾನದ ದುಡ್ಡಿನಿಂದ, ಡಿಸಿ-6 ವಿಮಾನವೊಂದು ಟಿವಿ ಪಾಠಗಳ ಟೇಪುಗಳನ್ನು ತುಂಬಿಕೊಂಡು ಮೇಲೇರುತ್ತಿತ್ತು. ಮಾಂಟ್‌ಪೀಲಿಯರ್ ಎಂಬ ಸಣ್ಣ ಊರಿನ ನೆತ್ತಿಯ ಮೇಲೆ ಸುಮಾರು 23,000 ಅಡಿ ಎತ್ತರದಲ್ಲಿ ಗಂಟೆಗಟ್ಟಲೆ ಸುತ್ತುತ್ತಾ ಸುತ್ತಲಿನ ಹಲವು ರಾಜ್ಯಗಳ ಶಾಲೆಗಳಿಗೆ ಪಾಠ ಬಿತ್ತರಿಸುತ್ತಿತ್ತು. 1968ರ ಹೊತ್ತಿಗೆ ಹಾರಾಟ ನಿಂತಿತು. ಪಾಠ ಕೆಳಗಿಳಿಯುತ್ತಿತ್ತು, ಸರಿ. ಪ್ರಶ್ನೆಗಳು ಮೇಲೇರಲು ದಾರಿಯಿರಲಿಲ್ಲ. 1985ರ ಸುಮಾರಿಗೆ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯ ಉಪಗ್ರಹದ ಮೂಲಕ ಹಳ್ಳಿ ಶಾಲೆಗಳಿಗೆ ಜರ್ಮನ್ ಕಲಿಸತೊಡಗಿತು. 1988ರಲ್ಲಿ ‘ಸ್ಟಾರ್ ಸ್ಕೂಲ್ಸ್’ ಎಂಬ ಹೆಸರಿನಲ್ಲಿ ಕೇಂದ್ರ ಸರ್ಕಾರದ ಹಣ ಇಂಥ ಜಾಲಗಳಿಗೆ ಹರಿಯಿತು. 1990ರ ದಶಕದ ಕೊನೆಗೆ ಇಂಟರ್‌ನೆಟ್ ಬಂತು. ಮ್ಯಾಸಚೂಸೆಟ್ಸ್‌ನ ವರ್ಚುವಲ್ ಹೈಸ್ಕೂಲು, 1997ರ ಫ್ಲೋರಿಡಾ ವರ್ಚುವಲ್ ಸ್ಕೂಲು ಒಂದರ ಹಿಂದೊಂದು ಹುಟ್ಟಿದವು.

ನ್ಯೂಫೌಂಡ್‌ಲ್ಯಾಂಡ್: ಮೀನು ಹೋಯಿತು, ಮಕ್ಕಳೂ ಹೋದರು

ಈ ಚರ್ಚೆಯ ಎಲ್ಲ ಎಳೆಗಳೂ ಒಂದೇ ಕಡೆ ಸಿಗುವ ಜಾಗ ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯ. ವಿಸ್ತೀರ್ಣದಲ್ಲಿ ಕರ್ನಾಟಕದ ಎರಡರಷ್ಟಕ್ಕಿಂತ ಹೆಚ್ಚು. ಜನ ಮಾತ್ರ ಸುಮಾರು ಐದು ಲಕ್ಷ. ಅವರಲ್ಲೂ ಬಹಳ ಮಂದಿ ಕಡಲ ಅಂಚಿನ ಕೊಲ್ಲಿಗಳಲ್ಲಿ ಚದುರಿದ, ‘ಔಟ್‌ಪೋರ್ಟ್’ ಎಂದು ಕರೆಸಿಕೊಳ್ಳುವ ಸಣ್ಣ ಮೀನುಗಾರ ಹಳ್ಳಿಗಳವರು. ಕೆಲವು ಹಳ್ಳಿಗಳಿಗೆ ಇವತ್ತಿಗೂ ರಸ್ತೆಯಿಲ್ಲ, ದೋಣಿಯೇ ಗತಿ.

1954ರಿಂದ 1975ರವರೆಗೆ ಸರ್ಕಾರ ಇಂಥ ಸುಮಾರು 300 ಹಳ್ಳಿಗಳನ್ನು ಖಾಲಿ ಮಾಡಿಸಿ, ಹೆಚ್ಚುಕಡಿಮೆ 30,000 ಜನರನ್ನು ದೊಡ್ಡ ಊರುಗಳಿಗೆ ಸಾಗಿಸಿತು. ಆಗ ಕೊಟ್ಟ ಕಾರಣಗಳಲ್ಲಿ ಶಾಲೆಯೂ ಒಂದು. ಮುಳುಗಡೆಯ ಹೆಸರಿನಲ್ಲಿ ಊರು ಬಿಟ್ಟವರನ್ನು ಕಂಡಿರುವ ನಮಗೆ ಆ ಗಾಯ ಎಂಥದೆಂದು ಗೊತ್ತು. ಶಾಲೆ ಮುಚ್ಚುವ ಮಾತೆತ್ತಿದರೆ ಆ ಪ್ರಾಂತ್ಯದವರು ಇಂದಿಗೂ ಸಿಡಿದೇಳುವುದಕ್ಕೆ ಈ ನೆನಪೇ ಕಾರಣ. ಸಾಲದ್ದಕ್ಕೆ 1992ರಲ್ಲಿ ಕಾಡ್ ಮೀನು ಬಹುಮಟ್ಟಿಗೆ ಬರಿದಾಗಿ ಸರ್ಕಾರ ಹಿಡಿಯುವುದನ್ನೇ ನಿಷೇಧಿಸಿತು. ಸುಮಾರು 30,000 ಮಂದಿಯ ಕೆಲಸ ಹೋಯಿತು. ಹರೆಯದ ದಂಪತಿಗಳು ಪಶ್ಚಿಮದ ಕಡೆ ಗುಳೆ ಹೋದರು, ಮಕ್ಕಳು ಅವರ ಜೊತೆ ಹೋದರು, ಮೊದಲೇ ಸಣ್ಣದಾಗಿದ್ದ ಶಾಲೆಗಳು ಇನ್ನೂ ಸೊರಗಿದವು.

ಅದಕ್ಕೆ ನಾಲ್ಕು ವರ್ಷ ಮೊದಲೇ, 1988ರಲ್ಲಿ, ಪ್ರಾಂತ್ಯದ ಶಿಕ್ಷಣ ಇಲಾಖೆ 13 ಸಣ್ಣ ಶಾಲೆಗಳಿಗೆ ದೂರದಿಂದ ಒಂದು ಕೋರ್ಸು ಕಲಿಸತೊಡಗಿತ್ತು. ಮೊದಲಿಗೆ ಆರಿಸಿಕೊಂಡದ್ದೇ ‘ಅಡ್ವಾನ್ಸ್‌ಡ್ ಮ್ಯಾಥಮ್ಯಾಟಿಕ್ಸ್’. ಮೆಮೋರಿಯಲ್ ವಿಶ್ವವಿದ್ಯಾಲಯ ವೈದ್ಯಕೀಯ ಸಲಹೆಗೆಂದು ಕಟ್ಟಿಕೊಂಡಿದ್ದ ಟೆಲಿಫೋನ್ ಜಾಲ ಇಲ್ಲಿ ಕೆಲಸಕ್ಕೆ ಬಂತು. ಮೇಷ್ಟ್ರ ದನಿ ಸ್ಪೀಕರಿನಲ್ಲಿ, ಅವರು ಬರೆದ ಸಮೀಕರಣ ಎದುರಿನ ಪರದೆಯಲ್ಲಿ. ಆಮೇಲೆ ಫಿಸಿಕ್ಸ್, ಫ್ರೆಂಚ್ ಸೇರಿಕೊಂಡವು. 1998ರಲ್ಲಿ ಕೆನ್ ಸ್ಟೀವನ್ಸ್ ಮತ್ತು ಸಂಗಡಿಗರು ವಿಸ್ಟಾ ಎಂಬ ಶಾಲಾ ಜಿಲ್ಲೆಯ ಕೆಲವು ಶಾಲೆಗಳನ್ನು ಇಂಟರ್‌ನೆಟ್‌ನಿಂದ ಜೋಡಿಸಿ, ಗಣಿತವನ್ನೂ ವಿಜ್ಞಾನದ ಮೂರು ವಿಷಯಗಳನ್ನೂ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಮಟ್ಟದಲ್ಲಿ ಕಲಿಸಿದರು. ಸ್ಟೀವನ್ಸ್‌ರ ವಾದದಲ್ಲಿ ಒಂದು ಸೊಗಸಿದೆ. ಸಣ್ಣ ಶಾಲೆಗೆ ಬಡವನ ಹಾಗೆ ಪಾಠ ದಾನ ಮಾಡಬೇಡಿ. ಹತ್ತು ಸಣ್ಣ ಶಾಲೆಗಳನ್ನು ಹೆಣೆದು ಒಂದೇ ತರಗತಿ ಎಂಬಂತೆ ನಡೆಸಿ, ಒಂದು ಶಾಲೆಯ ಕೆಮಿಸ್ಟ್ರಿ ಮೇಷ್ಟ್ರು ಎಲ್ಲರ ಮೇಷ್ಟ್ರಾಗಲಿ ಎನ್ನುತ್ತಾರೆ ಅವರು.

2000ದಲ್ಲಿ ಬಂದ ಸಮಿತಿ ವರದಿಯ ಶಿಫಾರಸಿನಂತೆ ಇಡೀ ಪ್ರಾಂತ್ಯಕ್ಕೆ ಒಂದೇ ದೂರಕಲಿಕಾ ಕೇಂದ್ರ ಹುಟ್ಟಿತು, ಸಿಡಿಎಲ್‌ಐ ಎಂಬ ಹೆಸರಿನಲ್ಲಿ. ಅದರ ಕ್ರಮ ಹೀಗೆ: ಕೆಲವು ಪೀರಿಯಡ್‌ಗಳಲ್ಲಿ ಆನ್‌ಲೈನ್ ಶಿಕ್ಷಕರು ನೇರವಾಗಿ ಪಾಠ ಮಾಡುತ್ತಾರೆ, ಬೇರೆ ಬೇರೆ ಕೊಲ್ಲಿಗಳ ಮಕ್ಕಳು ಒಟ್ಟಿಗೆ ಕೂತಂತೆ. ಉಳಿದ ಪೀರಿಯಡ್‌ಗಳಲ್ಲಿ ಮಗು ತನ್ನ ಶಾಲೆಯ ಒಂದು ಕೋಣೆಯಲ್ಲಿ ತಾನೇ ಓದಿಕೊಳ್ಳಬೇಕು. ಊರಿನ ಶಾಲೆಯಲ್ಲಿ ಅವರನ್ನು ನೋಡಿಕೊಳ್ಳಲು ‘ಮಧ್ಯವರ್ತಿ’ ಶಿಕ್ಷಕರ ತಂಡವೊಂದು ಇರಬೇಕೆಂಬುದು ನಿಯಮ.

ಈ ಏರ್ಪಾಡನ್ನು ಹತ್ತಿರದಿಂದ ನೋಡಿದವರಲ್ಲಿ ಮೈಕೆಲ್ ಬಾರ್ಬರ್ ಮತ್ತು ಡೆನಿಸ್ ಮುಲ್ಕಾಹಿ ಮುಖ್ಯರು. ಆನ್‌ಲೈನಿನಲ್ಲಿ ಓದಿದವರ ಫಲಿತಾಂಶಕ್ಕೂ ತರಗತಿಯಲ್ಲಿ ಓದಿದವರ ಫಲಿತಾಂಶಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ ಎಂದರು ಅವರು. ನೇರ ಪಾಠದ ಹೊತ್ತಿನಲ್ಲಿ ಮಕ್ಕಳು ಚುರುಕಾಗಿರುತ್ತಾರೆ, ತಾವೇ ಓದಿಕೊಳ್ಳಬೇಕಾದ ಹೊತ್ತಿನಲ್ಲಿ ಹರಟುತ್ತಾರೆ, ತಿಳಿಯದಿದ್ದರೆ ಮೊದಲು ಕೇಳುವುದು ಪಕ್ಕದಲ್ಲಿ ಕೂತ ಗೆಳೆಯನನ್ನು. ಇದರಲ್ಲಿ ಅಚ್ಚರಿಯೇನಿಲ್ಲ. ಆದರೆ ಪಕ್ಕದಲ್ಲಿ ಯಾರೂ ಇಲ್ಲದ, ಆ ಕೋರ್ಸಿಗೆ ಶಾಲೆಯಿಂದ ತಾನೊಬ್ಬಳೇ ಸೇರಿದ ಹುಡುಗಿ ಯಾರನ್ನು ಕೇಳಬೇಕು?

ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಕಾಡಿದೆ. ಮುಲ್ಕಾಹಿ ಮತ್ತಿಬ್ಬರು 2008ರಲ್ಲಿ ಲ್ಯಾಬ್ರಡಾರಿನ ದಕ್ಷಿಣ ಕರಾವಳಿಯ ಮೂರು ಶಾಲೆಗಳನ್ನು ನೋಡಿದರು. ಎರಡು ಶಾಲೆಗಳಲ್ಲಿ ಕೆಳಮಟ್ಟದ ‘ಬೇಸಿಕ್’ ಕೋರ್ಸುಗಳಿಗೆ ಸೇರಿದವರ ಪ್ರಮಾಣ ಹೆಚ್ಚಾಗಿತ್ತು. ಅವರ ಊಹೆ ಇದು: ಅದಕ್ಕಿಂತ ಮೇಲಿನ ಕೋರ್ಸು ಆನ್‌ಲೈನಿನಲ್ಲಿ ಮಾತ್ರ ಸಿಗುತ್ತಿದ್ದುದರಿಂದ ಕೆಲವು ಮಕ್ಕಳು, ಅವರ ತಂದೆತಾಯಿಗಳು ಆನ್‌ಲೈನ್ ಉಸಾಬರಿಯೇ ಬೇಡವೆಂದು ಬೇಸಿಕ್ ಹಿಡಿದಿರಬೇಕು. ಬೇಸಿಕ್ ಗಣಿತ ಓದಿದವರಿಗೆ ವಿಶ್ವವಿದ್ಯಾಲಯದ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಅಂಕಪಟ್ಟಿಗಳನ್ನು ಹೋಲಿಸುವ ಯಾವ ಅಧ್ಯಯನದಲ್ಲೂ ಈ ಮಕ್ಕಳು ಕಾಣಿಸುವುದಿಲ್ಲ. ಅವರು ಆ ಕೋರ್ಸಿಗೆ ಸೇರಿಯೇ ಇರಲಿಲ್ಲವಲ್ಲ.

ಪರದೆ ಕಲಿಸುತ್ತದೆಯೇ? ಹಳೆಯ ವ್ಯಾಜ್ಯ

ದೂರದ ಪಾಠದ ಸುತ್ತಲ ಜಗಳದ ಪಂಥಗಳ ಕಡೆ ಬರೋಣ. ಮೊದಲನೆಯದು ಮಾಧ್ಯಮದ ಬಗೆಗಿನ ವಾದ. 1983ರಲ್ಲಿ ರಿಚರ್ಡ್ ಕ್ಲಾರ್ಕ್ ಎಂಬ ಅಮೆರಿಕನ್ ವಿದ್ವಾಂಸರು, ಮಾಧ್ಯಮವೆಂಬುದು ಸಾಮಾನು ಹೊತ್ತು ತರುವ ಲಾರಿ ಇದ್ದಂತೆ, ಲಾರಿಯಿಂದ ನಮ್ಮ ಊಟದ ಪುಷ್ಟಿ ಬದಲಾಗುವುದಿಲ್ಲ ಎಂಬರ್ಥದಲ್ಲಿ ವಾದಿಸಿದರು. ಪಾಠ ಒಳ್ಳೆಯದಾಗಿದ್ದರೆ ರೇಡಿಯೋದಲ್ಲಿ ಬಂದರೂ ಒಳ್ಳೆಯದೇ. ರಾಬರ್ಟ್ ಕೋಜ್ಮಾ 1991ರಲ್ಲಿ ಇದನ್ನು ಎದುರಿಸಿದರು: ಕೆಲವು ಮಾಧ್ಯಮಗಳಲ್ಲಷ್ಟೇ ಸಾಧ್ಯವಾಗುವ ಕಲಿಕೆಯ ಬಗೆಗಳಿವೆ, ಎರಡನ್ನೂ ಬೇರ್ಪಡಿಸಲಾಗದು. 1999ರಲ್ಲಿ ಥಾಮಸ್ ರಸೆಲ್, ದೂರದ ಪಾಠಕ್ಕೂ ಎದುರಿನ ಪಾಠಕ್ಕೂ ಗಮನಾರ್ಹ ಅಂತರ ಕಾಣದ 355 ಅಧ್ಯಯನಗಳನ್ನು ಒಂದೇ ಪುಸ್ತಕದಲ್ಲಿ ಪೇರಿಸಿಟ್ಟರು. ಅಂತರ ಕಾಣಲಿಲ್ಲ ಎಂಬುದೇ ಅಂತರವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ ಎನ್ನುವ ಟೀಕೆ ಆಗಲೂ ಇತ್ತು, ಈಗಲೂ ಇದೆ. ಅವುಗಳಲ್ಲಿ ಬಹಳಷ್ಟು ವಯಸ್ಕರ ಮೇಲೆ ನಡೆದ ಅಧ್ಯಯನಗಳು. 2010ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಆನ್‌ಲೈನ್ ಕಲಿಕೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದಾಗಲೂ ಶಾಲಾಮಕ್ಕಳ ಬಗ್ಗೆ ಸಿಕ್ಕ ಗಟ್ಟಿ ಪುರಾವೆ ತೀರ ಕಡಿಮೆ.

ನನ್ನ ದೃಷ್ಟಿಯಲ್ಲಿ ಈ ವ್ಯಾಜ್ಯಕ್ಕಿಂತ ಮೈಕೆಲ್ ಮೂರ್ ಅವರ ಮಾತು ಹೆಚ್ಚು ಉಪಯೋಗದ್ದು. ದೂರವನ್ನು ಮೈಲಿಯಲ್ಲಿ ಅಳೆಯಬಾರದು ಎನ್ನುತ್ತಾರೆ ಅವರು. ಕಲಿಸುವವರ ಮತ್ತು ಕಲಿಯುವವರ ನಡುವೆ ಮಾತುಕತೆ ಎಷ್ಟಿದೆ, ಪಾಠದ ಚೌಕಟ್ಟು ಎಷ್ಟು ಬಿಗಿ, ಕಲಿಯುವವರು ಎಷ್ಟರ ಮಟ್ಟಿಗೆ ತಮ್ಮ ಕಾಲ ಮೇಲೆ ನಿಂತಿದ್ದಾರೆ, ಈ ಮೂರು ಸೇರಿ ದೂರ ನಿರ್ಧಾರವಾಗುತ್ತದೆ. ಹಾಗೆ ನೋಡಿದರೆ ಎಂಬತ್ತು ಮಕ್ಕಳ ತರಗತಿಯ ಕೊನೆಯ ಬೆಂಚೂ ದೂರಶಿಕ್ಷಣವೇ.

ಯಾರಿಗೆ ಫಲಿಸುತ್ತದೆ?

ಎರಡನೆಯ ಪಂಥದವರು ಕೇಳುವುದು ‘ಫಲಿಸುತ್ತದೆಯೇ’ ಎಂದಲ್ಲ, ‘ಯಾರಿಗೆ’ ಎಂದು. ಇಲ್ಲಿ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಡಬೇಕು. ಅಮೆರಿಕದ ಈಶಾನ್ಯ ಮೂಲೆಯ ಮೇನ್ ಮತ್ತು ವರ್ಮಾಂಟ್ ರಾಜ್ಯಗಳ, ಬಹುಪಾಲು ಸಣ್ಣ ಹಳ್ಳಿ ಶಾಲೆಗಳಲ್ಲಿ, ಜೆಸಿಕಾ ಹೆಪ್ಪೆನ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. 68 ಶಾಲೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನ ಶಾಲೆಗಳಲ್ಲಿ ಗಣಿತದಲ್ಲಿ ಮುಂದಿರುವ ಎಂಟನೇ ತರಗತಿ ಮಕ್ಕಳಿಗೆ ಆನ್‌ಲೈನ್ ಬೀಜಗಣಿತ ಕೊಟ್ಟರು. ಆ ಮಕ್ಕಳು ಬೀಜಗಣಿತದಲ್ಲಿ ಹೆಚ್ಚು ಅಂಕ ಪಡೆದರು. ಹೈಸ್ಕೂಲಿನಲ್ಲಿ ಮೇಲ್ಮಟ್ಟದ ಗಣಿತದ ಜಾಡು ಹಿಡಿಯುವ ಸಾಧ್ಯತೆ ಅವರಲ್ಲಿ ಸುಮಾರು ಎರಡರಷ್ಟಿತ್ತು. ಉಳಿದ ಮಕ್ಕಳಿಗೆ ಇದರಿಂದ ತೊಂದರೆ ಕಾಣಲಿಲ್ಲ.

ಅದೇ ಹೆಪ್ಪೆನ್ ಆಮೇಲೆ ಶಿಕಾಗೋದಲ್ಲಿ ಬೀಜಗಣಿತದಲ್ಲಿ ಫೇಲಾದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಆನ್‌ಲೈನ್, ಕೆಲವರಿಗೆ ಎದುರು ಕೂತು ಕಲಿಸುವ ಮೇಷ್ಟ್ರು. ಇಲ್ಲಿ ಆನ್‌ಲೈನ್ ಗುಂಪಿಗೆ ಕೋರ್ಸು ಹೆಚ್ಚು ಕಷ್ಟವೆನಿಸಿತು, ಪಾಸಾದವರೂ ಕಡಿಮೆ. ಹೋಲಿಕೆ ಸರಿಸಮದ್ದಲ್ಲ, ಒಂದು ಕಡೆ ಹಳ್ಳಿ, ಇನ್ನೊಂದು ಕಡೆ ಮಹಾನಗರ. ಒಂದು ಕಡೆ ಏನೂ ಇಲ್ಲದಲ್ಲಿ ಏನೋ ಸಿಕ್ಕಿತು, ಇನ್ನೊಂದು ಕಡೆ ಮೇಷ್ಟ್ರ ಬದಲು ಯಂತ್ರ ಸಿಕ್ಕಿತು. ಆದರೂ ಸುಳಿವು ಸ್ಪಷ್ಟ: ಮೊದಲೇ ಓಡುತ್ತಿದ್ದ ಮಗುವಿಗೆ ದೂರದ ಪಾಠ ರಸ್ತೆ ತೆರೆಯುತ್ತದೆ; ಎಡವುತ್ತಿದ್ದ ಮಗುವಿಗೆ ಕೈ ಕೊಡುವುದಿಲ್ಲ. ‘ಅಡ್ವಾನ್ಸ್‌ಡ್’ ಕೋರ್ಸುಗಳ ಯಶಸ್ಸನ್ನು ತೋರಿಸಿ ಎಲ್ಲ ಕೋರ್ಸುಗಳನ್ನೂ ಪರದೆಗೆ ಏರಿಸಲು ಹೊರಡುವ ಅಧಿಕಾರಿಗಳು ಈ ಎರಡನೆಯ ಅರ್ಧವನ್ನು ಓದುವುದಿಲ್ಲ.

ಕೋಣೆಯಲ್ಲಿ ಕೂತವರು

ಮೂರನೆಯ ಪಂಥ ಬೆಂಟನ್ ಹಾರ್ಬರಿನ ಆ ಮೇಲ್ವಿಚಾರಕರನ್ನು ಮತ್ತೆ ಕಂಡುಕೊಂಡಿತು. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಗ್ರಾಮೀಣ ಶಿಕ್ಷಣ ಸಂಶೋಧನಾ ಕೇಂದ್ರದ ವ್ಯಾಲೆಸ್ ಹನ್ನಮ್ ಮತ್ತಿತರರು 2008ರ ಸುಮಾರಿಗೆ ಹಳ್ಳಿ ಶಾಲೆಗಳ ಆನ್‌ಲೈನ್ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ತರಗತಿಗಳನ್ನು ಪರೀಕ್ಷಿಸಿದರು. ಮಕ್ಕಳ ಜೊತೆ ಕೋಣೆಯಲ್ಲಿ ಕೂರುವ ಸ್ಥಳೀಯ ಸಹಾಯಕರಿಗೆ ವಿಷಯಜ್ಞಾನ ಬೇಕಿರಲಿಲ್ಲ. ಮಗುವಿನ ಕಷ್ಟಸುಖ ಗಮನಿಸುವುದು ಹೇಗೆ, ಹುರಿದುಂಬಿಸುವುದು ಹೇಗೆ ಎಂಬ ತರಬೇತಿ ಅವರಿಗೆ ಸಿಕ್ಕ ಕಡೆ, ಮಕ್ಕಳು ಕೋರ್ಸನ್ನು ನಡುವೆ ಬಿಡುವುದು ಕಡಿಮೆಯಾಯಿತು. ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ನಂಬಿಕೆ ಹುಟ್ಟಿಸುವ ಫಲಿತಾಂಶ ಇದು. ಬಜೆಟ್ ಮಂಡಿಸುವಾಗ ಮೊದಲು ಕತ್ತರಿ ಬೀಳುವುದೂ ಇಲ್ಲಿಗೇ. ಕಂಪ್ಯೂಟರ್ ಕೊಟ್ಟರೆ ಫೋಟೋ ತೆಗೆಸಿಕೊಳ್ಳಬಹುದು, ಕೋಣೆಯಲ್ಲಿ ಸುಮ್ಮನೆ ಕೂರುವವರಿಗೆ ಸಂಬಳ ಕೊಟ್ಟರೆ ಫೋಟೋಕ್ಕೆ ಏನು ಸಿಗುತ್ತದೆ?

ಕೊಡುಕೊಳ್ಳುವ ಏರ್ಪಾಡುಗಳನ್ನೂ ಈ ಪಂಥದ ಪಕ್ಕದಲ್ಲೇ ಇಡಬಹುದು. ಮ್ಯಾಸಚೂಸೆಟ್ಸ್‌ನ ವರ್ಚುವಲ್ ಹೈಸ್ಕೂಲಿನಲ್ಲಿ ಒಂದು ಶಾಲೆ ತನ್ನ ಒಬ್ಬ ಶಿಕ್ಷಕರ ಒಂದು ಪೀರಿಯಡ್ ಕೊಟ್ಟರೆ, ಬದಲಿಗೆ ಬೇರೆ ಶಾಲೆಗಳ ಕೋರ್ಸುಗಳಲ್ಲಿ ಅದರ ಮಕ್ಕಳಿಗೆ ಸೀಟು. ನ್ಯೂಜಿಲೆಂಡಿನ ಕ್ಯಾಂಟರ್ಬರಿಯ ಸಣ್ಣ ಶಾಲೆಗಳು 1990ರ ದಶಕದಲ್ಲೇ ಹೀಗೆ ಕೂಡಿಕೊಂಡಿದ್ದವು. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಸ್ಥಳೀಯ ಆಡಳಿತ 2016ರಲ್ಲಿ ‘ಇ-ಸ್ಗೋಯಿಲ್’ ಎಂಬ ಆನ್‌ಲೈನ್ ಶಾಲೆ ತೆರೆಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಆರೋರಾ ಕಾಲೇಜು (2015) ಮಕ್ಕಳನ್ನು ತಮ್ಮ ಊರಿನ ಶಾಲೆಯಲ್ಲೇ ಇರಿಸಿಕೊಂಡು ಮೇಲ್ಮಟ್ಟದ ಪಾಠವನ್ನು ಆನ್‌ಲೈನಿನಲ್ಲಿ ಕೊಡುತ್ತದೆ, ನಡುನಡುವೆ ಎಲ್ಲರನ್ನೂ ಒಂದೆಡೆ ಸೇರಿಸಿ ಶಿಬಿರವನ್ನೂ ನಡೆಸುತ್ತದೆ. ಇವುಗಳ ದೊಡ್ಡ ತಲೆನೋವು ತಂತ್ರಜ್ಞಾನವಲ್ಲ, ಗಂಟೆ. ಒಂದು ಶಾಲೆಯ ಮೂರನೇ ಪೀರಿಯಡ್ ಇನ್ನೊಂದು ಶಾಲೆಯ ಊಟದ ಹೊತ್ತು.

ಶಾಲೆ ಯಾಕೆ ಸಣ್ಣದಿರಬೇಕು, ಮಗು ಯಾಕೆ ಊರಲ್ಲಿರಬೇಕು

ಇನ್ನೂ ಬುಡಕ್ಕೆ ಹೋಗುವ ವಾದಗಳಿವೆ. ಹಾರ್ವರ್ಡಿನ ಮಾಜಿ ಅಧ್ಯಕ್ಷ ಜೇಮ್ಸ್ ಕೊನಂಟ್ 1959ರಲ್ಲಿ, ಕೊನೆಯ ವರ್ಷದಲ್ಲಿ ನೂರು ಮಕ್ಕಳಾದರೂ ಇಲ್ಲದ ಹೈಸ್ಕೂಲು ಮೇಲ್ಮಟ್ಟದ ವಿಷಯಗಳನ್ನು ಸರಿಯಾಗಿ ಕಲಿಸಲಾರದು, ಅಂಥವನ್ನು ವಿಲೀನ ಮಾಡಬೇಕು ಎಂದರು. ಆ ಗಾಳಿ ಮೊದಲಿನಿಂದಲೇ ಬೀಸುತ್ತಿತ್ತು: 1939-40ರಲ್ಲಿ 1,17,000ದಷ್ಟಿದ್ದ ಅಮೆರಿಕದ ಶಾಲಾ ಜಿಲ್ಲೆಗಳು 1980ರ ಹೊತ್ತಿಗೆ 16,000ದ ಆಸುಪಾಸಿಗೆ ಇಳಿದಿದ್ದವು. ಬಾರ್ಕರ್ ಮತ್ತು ಗಂಪ್ 1964ರಲ್ಲಿ ಕ್ಯಾನ್ಸಸ್‌ನ ಶಾಲೆಗಳನ್ನು ನೋಡಿ ತಿರುಗುತ್ತರ ಕೊಟ್ಟರು: ದೊಡ್ಡ ಶಾಲೆಯಲ್ಲಿ ವಿಷಯಗಳು ಹೆಚ್ಚು, ನಿಜ, ಆದರೆ ನಾಟಕದಲ್ಲಿ, ಆಟದಲ್ಲಿ, ಸಂಘದಲ್ಲಿ ಒಂದೊಂದು ಮಗುವಿಗೂ ಹೊಣೆ ಸಿಗುವುದು ಸಣ್ಣ ಶಾಲೆಯಲ್ಲಿ. ದೂರದ ಪಾಠ ಈ ಜಗಳದಲ್ಲಿ ಎರಡೂ ಕಡೆಯ ಆಯುಧ. ‘ಕೋರ್ಸು ಸಿಗುತ್ತಿದೆಯಲ್ಲ, ಶಾಲೆ ಯಾಕೆ ಮುಚ್ಚಬೇಕು’ ಎನ್ನುತ್ತಾರೆ ಊರಿನವರು. ‘ಕೋರ್ಸು ಸಿಗುತ್ತಿದೆಯಲ್ಲ, ಇನ್ನೊಬ್ಬ ಮೇಷ್ಟ್ರು ಯಾಕೆ’ ಎನ್ನುತ್ತದೆ ಇಲಾಖೆ.

ಇನ್ನೊಂದು ಕಡೆ ಪ್ಯಾಟ್ರಿಕ್ ಕಾರ್ ಮತ್ತು ಮರಿಯಾ ಕೆಫಲಾಸ್. ಅಯೋವಾದ ಸಣ್ಣ ಊರೊಂದರಲ್ಲಿ ನೆಲೆಸಿ ಅವರು 2009ರಲ್ಲಿ ಬರೆದ ಪುಸ್ತಕದ ಸಾರ ಹೀಗಿದೆ: ಊರಿನ ಹಿರಿಯರೇ, ಮೇಷ್ಟ್ರುಗಳೇ ಜಾಣ ಮಕ್ಕಳನ್ನು ಆರಿಸಿ, ಸಾಕಿ, ಹೊರಗೆ ಕಳಿಸುತ್ತಾರೆ, ಉಳಿದುಕೊಳ್ಳುವ ಮಕ್ಕಳ ಮೇಲೆ ಯಾರೂ ಬಂಡವಾಳ ಹಾಕುವುದಿಲ್ಲ, ಹಾಗೆ ಊರು ತನ್ನನ್ನು ತಾನೇ ಖಾಲಿ ಮಾಡಿಕೊಳ್ಳುತ್ತದೆ. ಈ ಕಣ್ಣಿನಿಂದ ನೋಡಿದರೆ ಹಳ್ಳಿಗೆ ಕ್ಯಾಲ್ಕುಲಸ್ ತರುವುದೆಂದರೆ ಗುಳೆಯ ಟಿಕೆಟ್ಟನ್ನು ಮನೆ ಬಾಗಿಲಿಗೇ ತಲುಪಿಸಿದಂತೆ. ಈ ವಾದದ ಸತ್ಯವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಊರು ಉಳಿಸುವ ಹೊರೆಯನ್ನು ಹದಿನಾರರ ಹುಡುಗಿಯ ಗಣಿತದ ಮೇಲೆ ಹೇರುವುದು ನ್ಯಾಯವಲ್ಲ.

ನಮ್ಮ ಕಡೆ

ದೂರದಿಂದ ಕಲಿಸುವುದು ಕನ್ನಡನಾಡಿಗೆ ಹೊಸದಲ್ಲ. 1975-76ರ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದಿಂದ ಟಿವಿ ಬಂದಾಗ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 2004ರಲ್ಲಿ ಎಜುಸ್ಯಾಟ್ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಬಂತು. ಕೊರೊನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಪಾಠ ನಡೆಯಿತು. ಗಮನಿಸಬೇಕಾದ್ದೆಂದರೆ, ಇವು ಮುಖ್ಯವಾಗಿ ಎಲ್ಲರಿಗೂ ಇರುವ ಪಾಠಕ್ಕೆ ಊರುಗೋಲು. ಶಾಲೆಯಲ್ಲಿ ಇಲ್ಲದ ವಿಷಯವನ್ನು ತಂದುಕೊಡುವ ಯತ್ನಗಳಲ್ಲ.

ಆ ಕೊರತೆಗೆ ನಮ್ಮ ಉತ್ತರ ಹಾಸ್ಟೆಲು. ಹೋಬಳಿಯ ಪಿಯು ಕಾಲೇಜಿನಲ್ಲಿ ಆರ್ಟ್ಸ್, ಕಾಮರ್ಸ್ ಇದ್ದು ಸೈನ್ಸ್ ಇಲ್ಲದಿದ್ದರೆ ಮಗು ಮಂಗಳೂರಿಗೋ ಮೂಡುಬಿದಿರೆಗೋ ಧಾರವಾಡಕ್ಕೋ ಹೋಗುತ್ತದೆ, ಅಪ್ಪ ಸಾಲ ಮಾಡುತ್ತಾನೆ. ಸರ್ಕಾರದ ಉತ್ತರವೂ ಅದೇ ಜಾಡಿನದು: 1986ರಲ್ಲಿ ಶುರುವಾದ ನವೋದಯ ವಿದ್ಯಾಲಯಗಳಲ್ಲಿ ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ, ಆದರೆ ಆರನೇ ತರಗತಿಗೇ ಮಗು ಮನೆ ಬಿಡಬೇಕು. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುವ ಮನೆಗಳಲ್ಲಿ ಸೈನ್ಸ್ ಇಲ್ಲದಿರುವುದು ಎಂದರೆ ಆರ್ಟ್ಸ್‌ಗೆ ಸೇರುವುದು ಎಂದೇ ಅರ್ಥ. ಲ್ಯಾಬ್ರಡಾರಿನ ಬೇಸಿಕ್ ಗಣಿತದ ಕಥೆ ಅಷ್ಟೇನೂ ದೂರದ್ದಲ್ಲ.

ತೀರದ ಪ್ರಶ್ನೆಗಳು

ಪ್ರಯೋಗಾಲಯದ ಪ್ರಶ್ನೆ ಹಾಗೇ ಇದೆ. ಟೈಟ್ರೇಷನ್ನನ್ನು ಪರದೆಯ ಮೇಲೆ ನೋಡಬಹುದು, ಕೈ ಪಳಗುವುದಿಲ್ಲ. ಆಮ್ಲದ ಶೀಷೆ ಇರುವ ಕೋಣೆಯಲ್ಲಿ ಹೊಣೆ ಹೊರುವ ಹಿರಿಯರೊಬ್ಬರು ಬೇಕು. ಅವರು ಶಿಕ್ಷಕರೋ ಸಹಾಯಕರೋ, ಸಂಬಳ ಕೊಡುವವರು ಯಾರು, ಮಗು ಪಾಸಾದರೆ ಕೀರ್ತಿ ಯಾರಿಗೆ, ಫೇಲಾದರೆ ದೂರು ಯಾರ ಮೇಲೆ? ಎಲ್ಲ ದೇಶಗಳಲ್ಲೂ ಇದು ಇನ್ನೂ ತಿಕ್ಕಾಟ. ಮೇಲ್ಮಟ್ಟದ ಕೋರ್ಸು ಸಿಕ್ಕಿದ್ದರಿಂದ ಯಾವುದಾದರೂ ಸಣ್ಣ ಶಾಲೆ ಮುಚ್ಚದೆ ಉಳಿಯಿತೇ, ಅಥವಾ ಮುಚ್ಚುವುದು ನಾಲ್ಕು ವರ್ಷ ಮುಂದಕ್ಕೆ ಹೋಯಿತಷ್ಟೇ ಎಂಬುದನ್ನೂ ಯಾರೂ ನೆಮ್ಮದಿಯಾಗಿ ಹೇಳಲಾರರು, ಏಕೆಂದರೆ ಹಳ್ಳಿ ಖಾಲಿಯಾಗುವುದು ಶಾಲೆಯೊಂದರಿಂದಲ್ಲ. ಮಧ್ಯಮ ಮಟ್ಟದ, ಜಾಣನೂ ಅಲ್ಲದ ಹಿಂದುಳಿದವನೂ ಅಲ್ಲದ ಮಗುವಿಗೆ ಈ ಏರ್ಪಾಡು ಒಗ್ಗುತ್ತದೆಯೇ ಎಂಬ ಬಗ್ಗೆ ಮೇನ್‌ನಿಂದಲೂ ಉತ್ತರ ಬರಲಿಲ್ಲ, ಶಿಕಾಗೋದಿಂದಲೂ ಬರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಸೇರದೇ ಹೋದವರ ಪ್ರಶ್ನೆ. ಅಧ್ಯಯನಗಳು ಕೋರ್ಸಿಗೆ ಹೆಸರು ಬರೆಸಿದವರಿಂದ ಆರಂಭವಾಗುತ್ತವೆ. ಹೆಸರು ಬರೆಸಬೇಕೋ ಬೇಡವೋ ಎಂಬ ತೀರ್ಮಾನ ಅದಕ್ಕೂ ಒಂದೆರಡು ವರ್ಷ ಮೊದಲೇ ಮನೆಯಲ್ಲಿ, ಹೆಡ್‌ಮಾಸ್ಟರರ ಕೋಣೆಯಲ್ಲಿ ಆಗಿರುತ್ತದೆ. ‘ಇವನಿಗೆ ಒಂಟಿಯಾಗಿ ಓದಿ ಅಭ್ಯಾಸವಿಲ್ಲ’ ಎಂದು ಶಾಲೆಯೇ ತಡೆಯುವುದುಂಟು, ‘ಪರದೆ ನೋಡಿ ಪಾಸಾಗುತ್ತಾನಾ’ ಎಂದು ತಂದೆ ಹೆದರುವುದುಂಟು. ಮುಲ್ಕಾಹಿಯವರದು ಮೂರು ಶಾಲೆಗಳನ್ನು ನೋಡಿ ಮಾಡಿದ ಊಹೆ. ಅದು ಎಷ್ಟು ಕಡೆ ನಿಜ, ಕೋಣೆಯಲ್ಲೊಬ್ಬ ತರಬೇತಾದ ಸಹಾಯಕರಿದ್ದರೆ ಅಂಥ ಮಕ್ಕಳಲ್ಲಿ ಎಷ್ಟು ಮಂದಿ ಮೇಲಿನ ಕೋರ್ಸು ಆರಿಸಿಕೊಂಡಾರು ಎಂದು ತಿಳಿಯಲು ಅಂಕಪಟ್ಟಿ ಸಾಲದು. ವಿಷಯ ಆರಿಸುವ ವರ್ಷ ಬರುವ ಮೊದಲೇ ಆ ಮಕ್ಕಳ ಬಳಿ, ಅವರ ಮನೆಯವರ ಬಳಿ ಹೋಗಿ ಕೇಳಬೇಕು.